ನಾಲ್ಕರಿಂದ ಏಳರವರೆಗೆ

ಸಂಜೆಯ ಗಂಟೆ ಬಾರಿಸಿದೊಡನೆ ಮಕ್ಕಳು ಮನೆಗೆ ಹೋಗುತ್ತಾರೆಂದು ಶಾಲೆಗಳು ನಂಬಿವೆ. ಮನೆಯಲ್ಲಿ ಯಾರಾದರೂ ಇದ್ದೇ ಇರುತ್ತಾರೆ ಎಂಬುದು ಆ ನಂಬಿಕೆಯೊಳಗೆ ಅಡಗಿರುವ ಇನ್ನೊಂದು ನಂಬಿಕೆ. ತಂದೆ ಗಾರೆ ಕೆಲಸಕ್ಕೂ ತಾಯಿ ಸಿದ್ಧ ಉಡುಪಿನ ಕಾರ್ಖಾನೆಗೂ ಹೋಗಿ, ಇಬ್ಬರೂ ಏಳು ಗಂಟೆಗೆ ಮುಂಚೆ ಹಿಂದಿರುಗದ ಮನೆಗಳು ನಮ್ಮ ಊರಿನ ಹೊರವಲಯದಲ್ಲಿ ಬೀದಿ ಬೀದಿಯಲ್ಲೂ ಇವೆ. ಅಂಥ ಮನೆಯ ಬೀಗದ ಕೈ ಮಗುವಿನ ಕೊರಳಲ್ಲಿ ತೂಗುತ್ತಿರುತ್ತದೆ. ಅಂಗನವಾಡಿಯ ಆಶ್ರಯ ಆರನೆಯ ವರ್ಷಕ್ಕೆ ಮುಗಿಯಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆ ಆರರಿಂದ ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ತರಗತಿಯನ್ನು ಒದಗಿಸಿತು. ಅವರ ಸಂಜೆಯ ಗೊಡವೆಗೆ ಅದು ಹೋಗಲಿಲ್ಲ.

ಈ ಕೊರತೆ ನಮ್ಮಲ್ಲಿ ಮಾತ್ರ ಕಂಡದ್ದಲ್ಲ, ಹೊಸದೂ ಅಲ್ಲ. ಲಂಡನ್ನಿನಲ್ಲಿ ಇದನ್ನು ಮನಸ್ಸಿಗೆ ಹಚ್ಚಿಕೊಂಡು ದುಡಿದವಳು ಒಬ್ಬ ಕಾದಂಬರಿಗಾರ್ತಿ ಎಂದರೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ಕುತೂಹಲವಾದೀತು. ಮೇರಿ ವಾರ್ಡ್ ಕವಿ ವಿಮರ್ಶಕ ಮ್ಯಾಥ್ಯೂ ಆರ್ನಲ್ಡನ ತಮ್ಮನ ಮಗಳು. ಗಂಡನ ಹೆಸರಿನಲ್ಲಿ, ಶ್ರೀಮತಿ ಹಂಫ್ರಿ ವಾರ್ಡ್ ಎಂದು ಬರೆಯುತ್ತಿದ್ದಳು. 1888ರಲ್ಲಿ ಹೊರಬಂದ ಆಕೆಯ 'ರಾಬರ್ಟ್ ಎಲ್ಸ್‌ಮಿಯರ್' ಕಾದಂಬರಿಗೆ ಆ ಕಾಲದಲ್ಲಿ ಬಹು ದೊಡ್ಡ ಓದುಗವರ್ಗವಿತ್ತು. ಇಂದು ಅದನ್ನು ಓದುವವರು ವಿರಳ. ಆದರೆ ಬ್ಲೂಮ್ಸ್‌ಬರಿಯ ಸೇವಾಕೇಂದ್ರದಲ್ಲಿ 1897ರಲ್ಲಿ ಮಕ್ಕಳಿಗಾಗಿ ಆಕೆ ತೆರೆದ ಆಟದ ಕೋಣೆಯ ಕಥೆ ಕಾದಂಬರಿಗಿಂತ ಹೆಚ್ಚು ಬಾಳಿತು. ಹೊಸ ಕಟ್ಟಡಗಳನ್ನು ಕಟ್ಟಿಸಲು ಆಕೆ ಹೊರಡಲಿಲ್ಲ. ಸಂಜೆ ಬರಿದಾಗಿ ಬಿದ್ದಿರುವ ಸಾರ್ವಜನಿಕ ಶಾಲೆಗಳ ಕೋಣೆಗಳನ್ನೇ ಬೇಡಿ ಪಡೆದು, 1905ರಿಂದ ಅಲ್ಲಿ ಕೇಂದ್ರಗಳನ್ನು ನಡೆಸಿದಳು. ಸ್ಥಳೀಯ ಸಂಸ್ಥೆಗಳು ಇಂಥ ಕೇಂದ್ರಗಳಿಗೆ ವೆಚ್ಚ ಮಾಡಬಹುದೆಂಬ ಅನುಮತಿ 1907ರ ಕಾಯಿದೆಯಲ್ಲಿ ದೊರೆಯಿತು. ಮಹಾಯುದ್ಧದ ನಡುವೆ, 1917ರಲ್ಲಿ, ವೆಚ್ಚದ ಅರ್ಧವನ್ನು ಕೊಡಲು ಸರ್ಕಾರವೇ ಒಪ್ಪಿತು. (ಇದೇ ಮಹಿಳೆ 1908ರಲ್ಲಿ ಸ್ತ್ರೀಯರಿಗೆ ಮತದಾನದ ಹಕ್ಕು ಬೇಡವೆನ್ನುವ ಸಂಘದ ಮುಂದಾಳಾಗಿ ನಿಂತಳು. ಮನುಷ್ಯರನ್ನು ಒಂದೇ ತೂಕದ ಕಲ್ಲಿನಿಂದ ತೂಗಲಾಗುವುದಿಲ್ಲ.)

ನಾವು ಏಳು ಮಂದಿ ಸ್ನೇಹಿತರು ಸೇರಿ ನಡೆಸುತ್ತಿರುವ ಸಂಜೆಯ ಕೇಂದ್ರಕ್ಕೂ ಆ ಉಪಾಯವೇ ಗತಿ. ಸಂಘಗಳ ನೋಂದಣಿಯ 1960ರ ಕಾಯಿದೆಗೆ ಏಳು ಜನ ಬೇಕು. ಸರಿಯಾಗಿ ಅಷ್ಟೇ ಜನ ನಮಗೆ ಸಿಕ್ಕಿದರು. ಸರ್ಕಾರಿ ಶಾಲೆಯ ಎರಡು ಕೋಣೆಗಳನ್ನು ಮುಖ್ಯೋಪಾಧ್ಯಾಯರು ಬಿಟ್ಟುಕೊಟ್ಟರು. ಶೌಚಾಲಯದ ಬೀಗದ ಕೈ ಕೈಗೆ ಬರಲು ಮಾತ್ರ ಇನ್ನೂ ಮೂರು ತಿಂಗಳು ಹಿಡಿಯಿತು. ಮಕ್ಕಳು 30ರ ಆಸುಪಾಸು ಬರುತ್ತಾರೆ. ಬಂದೊಡನೆ ಕೈಕಾಲು ತೊಳೆದು ಕಡಲೆ ಉಸಲಿಯನ್ನೋ ಅವಲಕ್ಕಿಯನ್ನೋ ತಿನ್ನುತ್ತಾರೆ. ಆಮೇಲೆ ಕುಂಟೆಬಿಲ್ಲೆ, ಚೌಕಾಬಾರ. ರಾಯಚೂರಿನ ಕನ್ನಡ, ತೆಲುಗು, ಉರ್ದು ಮೂರೂ ಬೆರೆತ ಒಂದು ಭಾಷೆಯಲ್ಲಿ ಅವರು ಜಗಳವಾಡುವುದನ್ನು ಕೇಳುತ್ತ ಕೂತರೆ, ಭಾಷಾಶಾಸ್ತ್ರದ ತರಗತಿಗೆ ಒಂದು ತಿಂಗಳಿಗಾಗುವಷ್ಟು ಸಾಮಗ್ರಿ ದೊರೆಯುತ್ತದೆ.

ಇದನ್ನು ಮನೆಪಾಠದ ಶಾಲೆಯಾಗಿ ಮಾಡಿರೆಂದು ತಂದೆತಾಯಂದಿರೂ ದಾನಿಗಳೂ ಒತ್ತಾಯಿಸುತ್ತಲೇ ಇರುತ್ತಾರೆ. ಹೋಂವರ್ಕಿಗೆ ಅರ್ಧ ಗಂಟೆ ಸಾಕು. ಬೆಳಗಿನಿಂದ ಬೆಂಚಿನ ಮೇಲೆ ಕೂತ ಮಗುವನ್ನು ಮತ್ತೆ ಕೂರಿಸುವುದು ನನಗೆ ಒಪ್ಪಿತವಲ್ಲ.

ಕೇಂದ್ರದ ಜೀವಾಳವೆಂದರೆ ಮಕ್ಕಳು 'ಅಕ್ಕ' ಎಂದು ಕರೆಯುವ ಹೆಂಗಸು. ಯಾವ ಮಗುವನ್ನು ಯಾರು ಕರೆದೊಯ್ಯಬಹುದೆಂದು ಆಕೆಯ ಪುಸ್ತಕದಲ್ಲಿ ಬರೆದಿದೆ. ಅದರಲ್ಲಿ ಹೆಸರಿಲ್ಲದವನು ಸ್ವಂತ ಸೋದರಮಾವನೇ ಆದರೂ ಬರಿಗೈಯಲ್ಲಿ ಹಿಂದಿರುಗಬೇಕು. ಏಳಕ್ಕೆ ಮುಚ್ಚುತ್ತದೆಂದು ಫಲಕದಲ್ಲಿದೆ. ಆದರೆ ಕಾರ್ಖಾನೆಯಲ್ಲಿ ಕೆಲಸ ಮುಂದುವರಿದ ದಿನ ಏಳೂ ಮುಕ್ಕಾಲಿನವರೆಗೆ ಒಂದು ಮಗುವಿಗಾಗಿ ದೀಪ ಉರಿಯುತ್ತಿರುತ್ತದೆ. ಅಕ್ಕನ ಸ್ವಂತ ಮಗಳೂ ಆ ದೀಪದಡಿಯಲ್ಲೇ ಕೂತು ತೂಕಡಿಸುತ್ತಾಳೆ.

ದಾನ ಬರುವುದಿಲ್ಲವೆಂದಲ್ಲ. ಗಡಿಯಾರ ಬಂದಿದೆ, ಚೀಲಗಳು ಬಂದಿವೆ, ದಾನಿಯ ಹೆಸರನ್ನು ದಪ್ಪಕ್ಷರದಲ್ಲಿ ಬರೆಸಿದ ನೀರಿನ ಡ್ರಮ್ಮು ಬಂದಿದೆ. ಅಕ್ಕನ ಸಂಬಳಕ್ಕೆಂದು ಮಾತ್ರ ಯಾರೂ ಕೊಡರು. "ಸೇವೆಗೂ ಸಂಬಳವೇನು, ಮೇಷ್ಟ್ರೆ?" ಎಂದು ನಮ್ಮ ಊರಿನ ಗಣ್ಯರೊಬ್ಬರು ನಗುತ್ತ ಕೇಳಿದರು.

"ನಮ್ಮ ಏಳು ಜನರದು ಸೇವೆ ಸ್ವಾಮಿ, ನಮಗೆ ಬೇರೆ ಸಂಬಳ ಬರುತ್ತದೆ. ಆಕೆಯದು ಉದ್ಯೋಗ" ಎಂದೆ.

ಅವರು ಒಂದು ಡಜನ್ ಸ್ಲೇಟು ಕಳಿಸಿದರು.

ಈಗ ಅದೇ ಉಡುಪಿನ ಕಾರ್ಖಾನೆಯಿಂದ ಅಕ್ಕನಿಗೆ ಕರೆ ಬಂದಿದೆ. ನಾವು ಕೊಡುವುದಕ್ಕಿಂತ ಅಲ್ಲಿ ದುಪ್ಪಟ್ಟು ದೊರೆಯುತ್ತದೆ. ತಿಂಗಳ ಕೊನೆಯೊಳಗೆ ಉತ್ತರ ಹೇಳುವೆನೆಂದು ಆಕೆ ಅಲ್ಲಿಗೆ ತಿಳಿಸಿದ್ದಾಳೆ. ಆಕೆ ಹೋದರೆ ತಪ್ಪೆನ್ನುವ ಅಧಿಕಾರ ನಮಗಿಲ್ಲ. ತಂದೆತಾಯಂದಿರಿಂದ ತಿಂಗಳಿಗೆ ನೂರು ರೂಪಾಯಿ ಶುಲ್ಕ ತೆಗೆದುಕೊಳ್ಳೋಣವೆಂದು ಖಜಾಂಚಿಯವರ ಸಲಹೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಶುಲ್ಕ ಬಾಕಿ ಉಳಿದ ಮನೆಯ ತಾಯಿ ನಾಚಿಕೆಯಿಂದ ಮಗುವನ್ನು ಕಳಿಸುವುದನ್ನೇ ನಿಲ್ಲಿಸುತ್ತಾಳೆ. ಯಾವ ಮಗುವಿಗಾಗಿ ಬಾಗಿಲು ತೆರೆದೆವೋ ಅದೇ ಮೊದಲು ಬೀದಿಗೆ ಹೋಗುತ್ತದೆ. ಆದ್ದರಿಂದ ನಾನು ಒಪ್ಪಲಿಲ್ಲ. ಸದಸ್ಯರೇ ತಿಂಗಳ ಚಂದಾವನ್ನು ಏರಿಸಿಕೊಂಡು, ಅರ್ಧ ಭಾರವನ್ನು ಹೊರುವಿರಾ ಎಂದು ಪಂಚಾಯತಿಗೆ ಅರ್ಜಿ ಹಾಕೋಣವೆಂದು ನನ್ನ ಪ್ರತಿಸಲಹೆ. 1917ರ ಲಂಡನ್ನಿನ ದೃಷ್ಟಾಂತವನ್ನು ಅರ್ಜಿಯಲ್ಲಿ ಸೇರಿಸಿದ್ದೇನೆ. ಅಧ್ಯಕ್ಷರು ಅದನ್ನು ಓದಿ ನಕ್ಕರೂ ನಗಲಿ.

ಮುಂದಿನ ಭಾನುವಾರ ಸಭೆ. ಸಂಬಳದ ಬಾಬ್ತನ್ನು ಮೊದಲನೆಯ ವಿಷಯವಾಗಿ ಬರೆಸಿದ್ದೇನೆ. ಗೋಡೆಗೆ ಬಣ್ಣ ಬಳಿಸಲು ಬಂದಿರುವ ದಾನದ ಮಾತು ಆಮೇಲೆ.