ಮಿಕ್ಕ ಬಾವಿನೀರು ಯಾರ ಸ್ವತ್ತು?

ಅಮೆರಿಕದ ಪಶ್ಚಿಮದ ಒಣನಾಡಿನಲ್ಲಿ ಭೂಮಿಯಂತೆ ನೀರಿನ ಹಕ್ಕೂ ಕ್ರಯವಿಕ್ರಯದ ಸ್ವತ್ತು. ಆದರೆ ಸ್ವಂತ ಬಾವಿಯಲ್ಲಿ ಮಿಕ್ಕ ನೀರೆಲ್ಲವೂ ಮಾರಾಟದ ಸರಕಾಗದು.

ಕೊಲರಾಡೊ ರಾಜ್ಯದ 1876ರ ಸಂವಿಧಾನ ಮೊದಲು ಬಳಸಿದವರಿಗೆ ಮೊದಲ ಹಕ್ಕನ್ನು ನೀಡಿತು. ನದಿಗೆ ಒಸರುವ ಅಂತರ್ಜಲಕ್ಕೂ ಈ ತತ್ತ್ವ ಅನ್ವಯಿಸುತ್ತದೆ. ಕೃಷಿಕನು ತನ್ನ ನೀರಾವರಿ ಹಕ್ಕನ್ನು ನಗರಕ್ಕೆ ಶಾಶ್ವತವಾಗಿ ಮಾರಲು ಜಲ ನ್ಯಾಯಾಲಯದ ಒಪ್ಪಿಗೆ ಅಗತ್ಯ. ಹಿಂದಿನ ವರ್ಷಗಳಲ್ಲಿ ಬೆಳೆ ಹೀರಿದಷ್ಟು ನೀರು ಮಾತ್ರ ವರ್ಗಾವಣೆಗೆ ಅರ್ಹ; ಹೊಲದಿಂದ ಮರಳಿ ಹೊಳೆ ಸೇರುವ ಪಾಲು ಕೆಳಗಿನ ಹಕ್ಕುದಾರರಿಗೆ ಮೀಸಲು.

ಟೆಕ್ಸಾಸ್‌ನಲ್ಲಿ ಮಾತ್ರ 1904ರ ತೀರ್ಪಿನಂತೆ, ನೆರೆಯವರ ಬಾವಿ ಬತ್ತಿದರೂ ನೀರೆತ್ತಿದವರು ಸಾಮಾನ್ಯವಾಗಿ ಹೊಣೆಗಾರರಲ್ಲ. ಅಲ್ಲಿ ಸ್ಥಳೀಯ ಅಂತರ್ಜಲ ಮಂಡಳಿಗಳ ನಿಯಮಗಳೇ ಮುಖ್ಯ ಕಡಿವಾಣ.

ಆದ್ದರಿಂದ ಬಾವಿನೀರಿಗೆ ಬೆಲೆ ಕಟ್ಟುವ ಮುನ್ನ ಹಕ್ಕಿನ ದಿನಾಂಕ, ಬಳಕೆಯ ದಾಖಲೆ ಹಾಗೂ ಆಯಾ ರಾಜ್ಯದ ಕಾನೂನನ್ನು ಪರಿಶೀಲಿಸುವುದು ಖರೀದಿದಾರರಿಗೆ ಅನಿವಾರ್ಯ.