ಕಾರುಷೆಡ್ಡಿನ ಕಾವಲುಗಂಟೆ

ಹೈಸ್ಕೂಲಿನ ವಿಜ್ಞಾನದ ತರಗತಿಯಲ್ಲಿ ವಿದ್ಯುತ್ ಗಂಟೆಯ ಚಿತ್ರವನ್ನು ಬರೆಯದೆ ದಾಟಿದ ವಿದ್ಯಾರ್ಥಿನಿಯರು ಬಹು ವಿರಳ. ಬ್ಯಾಟರಿ, ಒತ್ತುಗುಂಡಿ, ತಂತಿ ಸುತ್ತಿದ ಮೆದುಕಬ್ಬಿಣದ ಸರಳು, ಅದರೆದುರಿಗೆ ಮಿಡಿಯುವ ಪಟ್ಟಿ, ಪಟ್ಟಿಯ ತುದಿಯಲ್ಲಿ ಪುಟ್ಟ ಸುತ್ತಿಗೆ, ಇಷ್ಟನ್ನು ಗುರುತಿಸಿದರೆ ಅಂಕಗಳು ನಿಶ್ಚಯ. ಆ ಪಾಠವು ಅಲ್ಪಸ್ವಲ್ಪವಾದರೂ ನೆನಪಿನಲ್ಲಿ ಉಳಿದಿರುವವರಿಗೆ ಈ ಲೇಖನದ ವಿಷಯವು ಅಪರಿಚಿತವೆನಿಸದು. ಇಂದು ಅಂಗಡಿಗಳಲ್ಲಿ ದೊರೆಯುವ ಅಲಾರಂಗಳೆಲ್ಲ ಆ ಗಂಟೆಯ ಸಂತತಿಯೇ ಆಗಿರುವುವು.

ಗ್ಯಾರೇಜೆಂದರೆ ನಮ್ಮಲ್ಲಿ ವಾಹನಗಳನ್ನು ದುರಸ್ತಿ ಮಾಡುವ ಅಂಗಡಿಯೆಂದೇ ರೂಢಿ. ಆದುದರಿಂದ ಇಲ್ಲಿ ಮನೆಯವರು ವಾಹನವನ್ನಿಡುವ ಸ್ಥಳವನ್ನು ಕಾರುಷೆಡ್ಡೆಂದು ಕರೆಯುತ್ತೇನೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರ ಮನೆಗಳಲ್ಲಿ ಅದು ಅಂಗಳದ ಬದಿಯ ಪ್ರತ್ಯೇಕ ಕೋಣೆ. ಬೆಂಗಳೂರು, ಮಂಗಳೂರು ಮೊದಲಾದ ನಗರಗಳಲ್ಲಿ ವಾಸಿಸುವ ಅನೇಕರಿಗೆ ಅದು ಹಲವು ಕುಟುಂಬಗಳು ಹಂಚಿಕೊಂಡಿರುವ ನೆಲಮಾಳಿಗೆ. ಇವೆರಡಕ್ಕೂ ಒಂದೇ ಬಗೆಯ ಅಲಾರಂ ಸಾಕೆಂದು ಮಾರುವವರು ಹೇಳುವುದುಂಟು. ಅದು ಸರಿಯಲ್ಲ. ಅಲಾರಂ ಎಂಬುದು ಬೀಗದಂತೆ ಕಳ್ಳನನ್ನು ತಡೆಯುವ ವಸ್ತುವಲ್ಲ, ಮನುಷ್ಯರನ್ನು ಕರೆಯುವ ವಸ್ತು. ಕರೆಯು ಯಾರ ಕಿವಿಗೆ ಬೀಳುವುದು, ಬಿದ್ದವರಲ್ಲಿ ಯಾರು ಎದ್ದು ಬರುವರು, ಈ ಎರಡು ಪ್ರಶ್ನೆಗಳನ್ನು ಮೊದಲು ಇತ್ಯರ್ಥ ಮಾಡಿಕೊಳ್ಳದೆ ಪೆಟ್ಟಿಗೆಯನ್ನು ಕೊಳ್ಳಲು ಹೊರಡುವುದು ವ್ಯರ್ಥ.

ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಆಗಸ್ಟಸ್ ರಸೆಲ್ ಪೋಪ್ ಎಂಬವರು ೧೮೫೩ರಲ್ಲಿ ವಿದ್ಯುತ್ತಿನಿಂದ ನಡೆಯುವ ಕಳ್ಳರ ಎಚ್ಚರಿಕೆಗಂಟೆಗೆ ಪೇಟೆಂಟು ಪಡೆದರು. ಎಡ್ವಿನ್ ಹೋಮ್ಸ್ ಎಂಬ ವ್ಯಾಪಾರಿಯು ಅದರ ಹಕ್ಕನ್ನು ಕೊಂಡು ಊರೂರುಗಳಲ್ಲಿ ಪ್ರಚಾರಕ್ಕೆ ತಂದನು. ಪೋಪರ ಏರ್ಪಾಡಿನಲ್ಲಿ ಬಾಗಿಲೋ ಕಿಟಕಿಯೋ ತೆರೆದಾಗ ವಿದ್ಯುತ್ತಿನ ಮಾರ್ಗವು ಕೂಡಿಕೊಂಡು ಗಂಟೆ ಬಾರಿಸುತ್ತಿತ್ತು. ಉಪಾಯವೇನೋ ಸೊಗಸಾದುದೇ, ಆದರೆ ಇಂಥ ಮಾರ್ಗದಲ್ಲಿ ಒಂದು ದೋಷವುಂಟು. ಕಳ್ಳನು ಮೊದಲೇ ತಂತಿಯನ್ನು ಕತ್ತರಿಸಿಬಿಟ್ಟರೆ ಬಾಗಿಲು ತೆರೆದರೂ ಗಂಟೆಯು ಮೂಕವಾಗಿಯೇ ಇರುವುದು. ಈಗಿನ ಒಳ್ಳೆಯ ಅಲಾರಂಗಳಲ್ಲಿ ಕ್ರಮವು ತಿರುಗುಮುರುಗಾಗಿದೆ. ಮಾರ್ಗವು ಯಾವಾಗಲೂ ಕೂಡಿಯೇ ಇದ್ದು, ಅಲ್ಪ ಪ್ರವಾಹವು ಸದಾ ಹರಿಯುತ್ತಿರುವುದು. ಅದು ನಿಂತೊಡನೆ ಗಂಟೆಯು ಕೂಗುವುದು. ಬಾಗಿಲು ತೆರೆದರೂ, ತಂತಿ ಕತ್ತರಿಸಿದರೂ, ಇಲಿ ಕಡಿದರೂ ಫಲವೊಂದೇ. ತಂತಿಯ ಕೊನೆಯಲ್ಲಿ ಒಂದು ಚಿಕ್ಕ ಪ್ರತಿರೋಧಕವನ್ನು ಸೇರಿಸಿದರೆ, ಎರಡು ತಂತಿಗಳನ್ನು ಒಂದಕ್ಕೊಂದು ತಾಗಿಸಿ ಮೋಸಮಾಡುವವನೂ ಸಿಕ್ಕಿಬೀಳುವನು. ಏಕೆಂದರೆ ಮಾರ್ಗದ ಪ್ರತಿರೋಧವು ಹೆಚ್ಚಿದರೂ ಕಡಿಮೆಯಾದರೂ ಯಂತ್ರಕ್ಕೆ ತಿಳಿಯುವುದು. ಆದರೆ ಆ ಪ್ರತಿರೋಧಕವನ್ನು ತಂತಿಯ ದೂರದ ತುದಿಯಲ್ಲಿ, ಅಂದರೆ ಬಾಗಿಲಿನ ಹತ್ತಿರ ಇಡತಕ್ಕದ್ದು. ಕೆಲಸದವರು ಸುಲಭವೆಂದು ಯಂತ್ರದ ಪೆಟ್ಟಿಗೆಯೊಳಗೇ ಇಟ್ಟು ಹೋಗುವುದುಂಟು. ಆಗ ಅದು ಇದ್ದೂ ಇಲ್ಲದಂತೆಯೇ.

ಬಾಗಿಲಿಗೆ ಹಚ್ಚುವ ಸಾಧನಕ್ಕೆ ರೀಡ್ ಸ್ವಿಚ್ಚೆಂದು ಹೆಸರು. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ೧೯೩೦ರ ದಶಕದಲ್ಲಿ ವಾಲ್ಟರ್ ಎಲ್‌ವುಡ್ ಎಂಬ ಎಂಜಿನಿಯರು ಇದನ್ನು ಕಂಡುಹಿಡಿದರು. ಪುಟ್ಟ ಗಾಜಿನ ನಳಿಗೆಯೊಳಗೆ ಎರಡು ತೆಳು ಲೋಹದ ಎಸಳುಗಳು. ಅಯಸ್ಕಾಂತವು ಸಮೀಪವಿದ್ದಾಗ ಅವು ಕೂಡುವುವು, ದೂರವಾದೊಡನೆ ಅಗಲುವುವು. ನಳಿಗೆಯು ಚೌಕಟ್ಟಿಗೆ, ಅಯಸ್ಕಾಂತವು ಬಾಗಿಲಿಗೆ. ಮರದ ಬಾಗಿಲಿಗೆ ಸಾಧಾರಣವಾದುದು ಸಾಕು. ಆದರೆ ಕಾರುಷೆಡ್ಡಿಗೆ ಇರುವುದು ಬಹುಮಟ್ಟಿಗೆ ಕಬ್ಬಿಣದ ರೋಲಿಂಗ್ ಷಟರು. ಕಬ್ಬಿಣವು ಅಯಸ್ಕಾಂತದ ಬಲವನ್ನು ತನ್ನ ಕಡೆಗೆ ಸೆಳೆದುಕೊಳ್ಳುವುದಲ್ಲದೆ, ಗಾಳಿಮಳೆಯಲ್ಲಿ ಷಟರು ಬೆರಳಗಲದಷ್ಟು ಅಲುಗಾಡುವುದು. ಆದ್ದರಿಂದ ಷಟರಿಗೆಂದೇ ಮಾಡಿದ, ಅಗಲವಾದ ಅಂತರವನ್ನು ಸಹಿಸುವ, ಉಕ್ಕಿನ ಕವಚದ ತಂತಿಯುಳ್ಳ ದಪ್ಪ ಸ್ವಿಚ್ಚನ್ನು ಕೇಳಿ ಪಡೆಯಬೇಕು. ಷೆಡ್ಡಿನಿಂದ ಅಡಿಗೆಮನೆಗೋ ಹಜಾರಕ್ಕೋ ಒಳಬಾಗಿಲಿದ್ದರೆ ಅದಕ್ಕೂ ಒಂದು ಸ್ವಿಚ್ಚು ಬೇಕೇ ಬೇಕು. ನನ್ನ ಮಟ್ಟಿಗೆ ಹೊರಗಿನ ಷಟರಿಗಿಂತ ಈ ಒಳಬಾಗಿಲೇ ಮುಖ್ಯವಾದುದು. ಷಟರನ್ನು ಎತ್ತಿ ಒಳಹೊಕ್ಕು ಮತ್ತೆ ಇಳಿಸಿಕೊಂಡವನು ಬೀದಿಯವರ ಕಣ್ಣಿಗೆ ಬೀಳದೆ, ನಮ್ಮ ಮನೆಯ ಸಲಕರಣೆಗಳಿಂದಲೇ ಆ ಬಾಗಿಲನ್ನು ಸಾವಕಾಶವಾಗಿ ಬಿಚ್ಚಬಲ್ಲನು.

ಇನ್ನು ಚಲನೆಯನ್ನು ಕಂಡುಹಿಡಿಯುವ ಸೆನ್ಸರಿನ ವಿಚಾರ. ಇದರಲ್ಲಿ ಜನರು ಮೋಸಹೋಗುವಷ್ಟು ಬೇರಾವುದರಲ್ಲಿಯೂ ಹೋಗುವುದಿಲ್ಲ. ಮನುಷ್ಯದೇಹವು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಸದಾ ಹೊರಸೂಸುತ್ತಿರುವುದು. ಸೆನ್ಸರಿನ ಮುಂದಿರುವ ಬಿಳಿಯ ಪ್ಲಾಸ್ಟಿಕ್ ಮಸೂರವು ಸ್ಥಳವನ್ನು ಬೀಸಣಿಗೆಯ ಮಡಿಕೆಗಳಂತೆ ಪಟ್ಟಿಪಟ್ಟಿಯಾಗಿ ವಿಭಾಗಿಸುವುದು. ಬೆಚ್ಚನೆಯ ದೇಹವೊಂದು ಪಟ್ಟಿಯಿಂದ ಪಟ್ಟಿಗೆ ದಾಟಿದಾಗ ಕಿರಣಗಳ ಏರಿಳಿತವನ್ನು ಅದು ಗ್ರಹಿಸುವುದು. ಆದುದರಿಂದ ಅಡ್ಡಲಾಗಿ ನಡೆದವನನ್ನು ಬೇಗ ಕಾಣುವುದು, ನೇರವಾಗಿ ತನ್ನೆಡೆಗೇ ಬರುವವನನ್ನು ತಡವಾಗಿ ಕಾಣುವುದು. ಷಟರಿನ ಎದುರುಗೋಡೆಯ ಮೇಲೆ ಇಡುವುದಕ್ಕಿಂತ ಬದಿಯ ಮೂಲೆಯಲ್ಲಿ ಇಡುವುದು ಲೇಸು.

ಗಮನಿಸಬೇಕಾದ ಅಂಶವೇನೆಂದರೆ, ಸೆನ್ಸರು ಕಾಣುವುದು ಶಾಖವನ್ನಲ್ಲ, ಶಾಖದ ಅಂತರವನ್ನು. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ತಗಡಿನ ಮಾಡಿನ ಷೆಡ್ಡು ಮಧ್ಯಾಹ್ನ ಮೈಶಾಖದಷ್ಟೇ ಕಾದು ನಿಂತಾಗ ಮನುಷ್ಯನೂ ಗೋಡೆಯೂ ಅದಕ್ಕೆ ಒಂದೇ ಆಗಿ ತೋರುವುವು. ಕಾವಲುಗಾರನು ಕಣ್ಣು ತೆರೆದೇ ಕುರುಡನಾಗುವನು. ಅದಕ್ಕೆ ವಿರುದ್ಧವಾಗಿ ಮಸೂರದ ಮೇಲೆಯೇ ಹಲ್ಲಿಯೊಂದು ಹರಿದರೆ, ಜೇಡವು ಬಲೆ ನೇಯ್ದರೆ, ಅದಕ್ಕೆ ಆನೆಯೇ ಬಂದಂತಾಗುವುದು. ಅವಕೆಂಪು ಸೆನ್ಸರಿನೊಡನೆ ಸೂಕ್ಷ್ಮತರಂಗದ ಸೆನ್ಸರನ್ನೂ ಕೂಡಿಸಿ, ಎರಡೂ ಒಪ್ಪಿದರೆ ಮಾತ್ರ ಕೂಗುವ ಜೋಡಿ ಸಾಧನಗಳು ಈಗ ಬಂದಿವೆ. ಇವುಗಳಿಂದ ಸುಳ್ಳು ಕೂಗು ಬಹಳ ತಗ್ಗುವುದು. ಆದರೆ ಎರಡೂ ಒಪ್ಪಬೇಕೆಂದ ಮೇಲೆ, ಉರಿಬಿಸಿಲಿನಲ್ಲಿ ಒಂದು ಕುರುಡಾದರೆ ಜೋಡಿಯೇ ಕುರುಡಾದಂತಲ್ಲವೇ? ಸೂಕ್ಷ್ಮತರಂಗಗಳು ತೆಳುಗೋಡೆಯನ್ನೂ ಗಾಜನ್ನೂ ತೂರಿಹೋಗುವುದರಿಂದ ನೆರೆಮನೆಯವರ ಓಡಾಟವನ್ನು ಎಣಿಸುವ ಸಂಭವವೂ ಉಂಟು. ಚಲನೆಯ ಸೆನ್ಸರನ್ನು ಎರಡನೆಯ ಸಾಕ್ಷಿಯಾಗಿ ಇಟ್ಟುಕೊಳ್ಳಿರಿ. ಮೊದಲನೆಯ ಸಾಕ್ಷಿಯು ಬಾಗಿಲಿನ ಸ್ವಿಚ್ಚೇ ಆಗಿರಲಿ.

ಕಳ್ಳನಿಗಿಂತ ಬೆಂಕಿಯು ಕ್ರೂರವಾದುದು. ೨೦೨೨ರ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ನಮ್ಮ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದ ವರ್ತಮಾನವನ್ನು ಅನೇಕರು ಓದಿರಬಹುದು. ಆ ಬಳಿಕ ಸರಕಾರವು ಬ್ಯಾಟರಿಗಳ ನಿಯಮಗಳನ್ನು ಬಿಗಿಗೊಳಿಸಿತು. ಆದರೂ ರಾತ್ರಿಯೆಲ್ಲ ಚಾರ್ಜಿಗೆ ಹಾಕಿದ ವಾಹನವಿರುವೆಡೆ ಬೆಂಕಿಯ ಎಚ್ಚರಿಕೆಯಿರುವುದು ಯುಕ್ತ. ವಾಹನಗಳ ಹೊಗೆ, ಧೂಳುಗಳಿಗೆ ಹೊಗೆಯ ಸೆನ್ಸರು ಪದೇಪದೇ ಕೂಗಿಕೊಳ್ಳುವುದರಿಂದ ಷೆಡ್ಡಿಗೆ ಶಾಖದ ಸೆನ್ಸರೇ ಮೇಲು. ಸಾಮಾನ್ಯವಾಗಿ ಅದು ೫೭ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕೂಗುವುದು. ಕೆಲವು ಬಗೆಯವು ಶಾಖವು ನಿಮಿಷಕ್ಕೆ ಸುಮಾರು ೮ ಡಿಗ್ರಿಗಿಂತ ವೇಗವಾಗಿ ಏರಿದರೂ ಕೂಗುವುವು. ಕಾಯುವ ತಗಡಿನ ಕೆಳಗೆ ಇನ್ನೂ ಹೆಚ್ಚಿನ ಅಂಕದ್ದನ್ನು ಆರಿಸಬೇಕು. ಇಲ್ಲಿ ಒಂದು ಕಟ್ಟುನಿಟ್ಟು: ಕಳ್ಳನ ಅಲಾರಂ ನಾವು ಮನೆಗೆ ಬಂದಾಗ ಆರಿಸುವಂಥದು, ಬೆಂಕಿಯದು ಎಂದಿಗೂ ಆರಿಸತಕ್ಕದ್ದಲ್ಲ, ಎರಡರ ಮಾರ್ಗವೂ ಧ್ವನಿಯೂ ಬೇರೆ ಬೇರೆಯಾಗಿರಲಿ. ಒಳಬಾಗಿಲುಳ್ಳ ಷೆಡ್ಡಿನಲ್ಲಿ ಮುಚ್ಚಿದ ಷಟರಿನ ಹಿಂದೆ ಎಂಜಿನನ್ನು ಓಡಿಸಿದರೆ ವಾಸನೆಯೂ ಬಣ್ಣವೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ವಿಷವಾಯುವು ಮನೆಯೊಳಕ್ಕೆ ನುಸುಳುವುದು. ಅದರ ಸೆನ್ಸರನ್ನು ಷೆಡ್ಡಿನೊಳಗಲ್ಲ, ಬಾಗಿಲಿನ ಈಚೆಗೆ ಮನೆಯವರು ಮಲಗುವ ಕಡೆ ಇಡತಕ್ಕದ್ದು.

ವಿದ್ಯುತ್ತು ಕೈಕೊಡುವ ರಾತ್ರಿಯೇ ಕಳ್ಳನಿಗೆ ಅನುಕೂಲವಾದುದರಿಂದ ಬ್ಯಾಟರಿಯ ಲೆಕ್ಕವನ್ನು ಕೇಳದೆ ಬಿಡಬಾರದು. ಯಂತ್ರವೂ ಸೆನ್ಸರುಗಳೂ ಸೇರಿ ೨೦೦ ಮಿಲಿಆಂಪಿಯರ್ ಎಳೆಯುವುದಾದರೆ ೭ ಆಂಪಿಯರ್-ಗಂಟೆಯ ಬ್ಯಾಟರಿಯು ಲೆಕ್ಕದಲ್ಲಿ ೩೫ ಗಂಟೆ ನಡೆಯಬೇಕು. ಸೈರನಿನ ವೆಚ್ಚವನ್ನೂ ಬ್ಯಾಟರಿಯ ಮುಪ್ಪನ್ನೂ ಕಳೆದು ಒಂದು ದಿನವೆಂದು ಹಿಡಿದರೆ ಕ್ಷೇಮ. ಕರಾವಳಿಯಲ್ಲಿ ಮಳೆಗಾಲದ ಮುಂಚಿನ ಸಿಡಿಲು ಉದ್ದ ತಂತಿಗಳನ್ನು ಹುಡುಕಿಕೊಂಡೇ ಬರುವಂತಿರುವುದರಿಂದ ಅಲ್ಲಿ ಮಿಂಚುತಡೆಯು ಅವಶ್ಯ. ಮೊಬೈಲಿಗೆ ಕರೆ ಕಳುಹಿಸುವ ಪೆಟ್ಟಿಗೆಯಾದರೆ ಅದು ಯಾವ ಜಾಲಕ್ಕೆ ತಕ್ಕುದೆಂದು ವಿಚಾರಿಸಿರಿ. ೨೦೧೬ರಲ್ಲಿ ಆರಂಭವಾದ ಜಿಯೋ ಸೇವೆಯು ಮೊದಲಿನಿಂದಲೂ ನಾಲ್ಕನೆಯ ತಲೆಮಾರಿನ ಜಾಲದ್ದು. ಎರಡನೆಯ ತಲೆಮಾರಿಗೆ ಮಾತ್ರ ಒಗ್ಗುವ ಅಗ್ಗದ ಪೆಟ್ಟಿಗೆಯಲ್ಲಿ ಅದರ ಸಿಮ್ಮು ನಡೆಯದು. ನೆಲಮಾಳಿಗೆಯಲ್ಲಿಯಂತೂ ಯಾವ ಜಾಲವೂ ಸರಿಯಾಗಿ ಸಿಗದು. ಯಂತ್ರವನ್ನು ಮೇಲಿಟ್ಟು ತಂತಿಯನ್ನು ಕೆಳಕ್ಕೆ ಇಳಿಸುವುದೇ ಮಾರ್ಗ.

ಸೈರನಿನ ಕೂಗು ಒಂದು ಮೀಟರಿನ ದೂರದಲ್ಲಿ ೧೧೦ ಡೆಸಿಬೆಲ್ ಇದ್ದರೆ, ದೂರವು ಇಮ್ಮಡಿಯಾದಾಗಲೆಲ್ಲ ಬಯಲಿನಲ್ಲಿ ೬ ಡೆಸಿಬೆಲ್ ತಗ್ಗುತ್ತ ೩೨ ಮೀಟರಿನಲ್ಲಿ ೮೦ಕ್ಕೆ ಇಳಿಯುವುದು. ವಾಸದ ಪ್ರದೇಶಗಳಲ್ಲಿ ರಾತ್ರಿ ೪೫ ಡೆಸಿಬೆಲ್ ಮೀರಬಾರದೆಂದು ೨೦೦೦ದ ಶಬ್ದಮಾಲಿನ್ಯ ನಿಯಮಗಳು ವಿಧಿಸಿರುವುದನ್ನು ನೆನೆದರೆ, ಊರಿಗೆ ಹೋದವರ ಮನೆಯ ಸೈರನು ಬೆಳಗಿನವರೆಗೆ ಅರಚುವುದು ನೆರೆಯವರಿಗೆ ಎಂಥ ಶಿಕ್ಷೆಯೆಂಬುದು ತಿಳಿಯುವುದು. ಕೆಲವು ನಿಮಿಷಗಳಲ್ಲಿ ತಾನೇ ನಿಂತು ಮತ್ತೆ ಕಾವಲಿಗೆ ಸಿದ್ಧವಾಗುವಂಥದನ್ನೇ ಆರಿಸಬೇಕು.

ಹಂಚಿಕೊಂಡ ನೆಲಮಾಳಿಗೆಯ ಸಂಗತಿ ಇನ್ನೂ ತೊಡಕಿನದು. ಊಹಿಸಿ ನೋಡಿರಿ: ನಲವತ್ತು ಮನೆಗಳ ಕಟ್ಟಡ, ರಾತ್ರಿ ಒಂದಕ್ಕೆ ಪಾಳಿ ಮುಗಿಸಿ ಬರುವವರು ಕೆಲವರು, ನಾಲ್ಕಕ್ಕೆ ವಿಮಾನ ನಿಲ್ದಾಣಕ್ಕೆ ಹೊರಡುವವರು ಕೆಲವರು. ಅಂಥಲ್ಲಿ ಚಲನೆಯ ಸೆನ್ಸರನ್ನಿಟ್ಟರೆ ಮೊದಲ ರಾತ್ರಿ ಎಲ್ಲರೂ ಎದ್ದು ಬರುವರು. ಎರಡನೆಯ ರಾತ್ರಿ ಇಬ್ಬರು ಬರುವರು. ಮೂರನೆಯ ರಾತ್ರಿ ಕಾವಲುಗಾರನು ಅದರ ತಂತಿಯನ್ನು ಕಿತ್ತಿಡುವನು. ಎಲ್ಲರ ಗಂಟೆಯು ಯಾರ ಗಂಟೆಯೂ ಅಲ್ಲದೆ ಹೋಗುವುದು ಹೀಗೆ. ಆದ್ದರಿಂದ ಇಲ್ಲಿ ಜನರ ಓಡಾಟವನ್ನು ಕಾಯತಕ್ಕದ್ದಲ್ಲ. ರಾತ್ರಿಯಲ್ಲಿ ತೆರೆಯಲೇಬಾರದ ಬಾಗಿಲುಗಳನ್ನು, ಅಂದರೆ ವಿದ್ಯುತ್ ಕೋಣೆ, ಪಂಪಿನ ಕೋಣೆ, ಸಾಮಾನಿನ ಗೂಡುಗಳನ್ನು ಕಾಯಬೇಕು. ಮುಖ್ಯ ಗೇಟು ತೆರೆಯುವುದು ಅಪರಾಧವಲ್ಲ, ತೆರೆದೇ ಉಳಿಯುವುದು ಅಪರಾಧ. ಅದಕ್ಕೆ ಒಂದೆರಡು ನಿಮಿಷಗಳ ಗಡುವನ್ನು ಗೊತ್ತುಮಾಡಿ, ಮೀರಿದರೆ ಕಾವಲುಗಾರನ ಮೇಜಿನ ಬಳಿ ಮಾತ್ರ ಸಣ್ಣ ಗಂಟೆ ಬಾರಿಸುವಂತೆ ಮಾಡಬಹುದು. ಗೇಟಿನ ಕೀಲಿಪಟ್ಟಿ ಅಥವಾ ಸಂಕೇತಾಂಕವು ಮನೆಮನೆಗೆ ಬೇರೆಯಾಗಿದ್ದರೆ, ಒಬ್ಬರದು ಕಳೆದುಹೋದಾಗ ಅದೊಂದನ್ನೇ ರದ್ದುಮಾಡಬಹುದು.

ಬೆಂಕಿಯ ಕಾಲಕ್ಕೆಂದು ಕಟ್ಟಿದ ಮೆಟ್ಟಿಲಿನ ಬಾಗಿಲಿಗೆ ಕಳ್ಳರ ಭಯದಿಂದ ಬೀಗ ಜಡಿಯುವ ಸಂಘಗಳುಂಟು. ಇದು ಅತ್ಯಂತ ಅಪಾಯಕರ. ಆ ಬಾಗಿಲು ಒಳಗಿನಿಂದ ಕೀಲಿಯಿಲ್ಲದೆ ತೆರೆಯುವಂತೆಯೇ ಇರಬೇಕು. ಅದಕ್ಕೊಂದು ರೀಡ್ ಸ್ವಿಚ್ಚನ್ನೂ ಸ್ಥಳದಲ್ಲಿಯೇ ಕೂಗುವ ಗಂಟೆಯನ್ನೂ ಹಚ್ಚಿದರೆ, ಬೀಗದ ಪ್ರಯೋಜನವೂ ದೊರೆಯುವುದು, ಹೊಗೆಯಲ್ಲಿ ಓಡುವವರ ದಾರಿಯೂ ಮುಚ್ಚದು.

ಹೆಣ್ಣುಮಕ್ಕಳ ತಂದೆತಾಯಂದಿರು ಸಂಘದ ಸಭೆಯಲ್ಲಿ ಕೇಳಲೇಬೇಕಾದುದೊಂದುಂಟು. ರಾತ್ರಿ ಕೆಲಸದಿಂದ ಹಿಂದಿರುಗಿದ ಮಗಳು ಕಾರಿನಿಂದಿಳಿದು ಲಿಫ್ಟಿನವರೆಗೆ ನಡೆಯುವ ಮೂವತ್ತು ಹೆಜ್ಜೆಗಳಲ್ಲಿ ಕೈಗೆಟಕುವ ಕರೆಗುಂಡಿ ಎಲ್ಲಿದೆ? ಕ್ಯಾಮರಾವು ಆದುದನ್ನು ಬರೆದಿಡುವುದೇ ಹೊರತು ಯಾರನ್ನೂ ಕರೆಯದು. ಕಂಬಗಳ ಮೇಲೆ ದೀಪವಿರುವ ಗುಂಡಿಗಳನ್ನಿಟ್ಟು, ಯಾವ ಕಂಬದ ಗುಂಡಿಯೆಂಬುದು ಕಾವಲುಗಾರನ ಮುಂದೆ ಬೆಳಗುವಂತೆ ಮಾಡುವುದಕ್ಕೆ ಹೆಚ್ಚಿನ ವೆಚ್ಚವೇನೂ ತಗಲದು. ಶಾಲೆಯ ಚಿತ್ರದಲ್ಲಿದ್ದ ಒತ್ತುಗುಂಡಿಯೇ ಅದು. ಕಾವಲುಗಾರನ ಮೇಜಿನ ಮೇಲೆ ತುರ್ತುಸೇವೆಯ ೧೧೨ ಎಂಬ ಅಂಕವನ್ನೂ, ಕೂಗು ಕೇಳಿದೊಡನೆ ಇಳಿದು ಬರಲು ಒಪ್ಪಿದ ಇಬ್ಬರು ನಿವಾಸಿಗಳ ಮನೆಯ ಸಂಖ್ಯೆಗಳನ್ನೂ ಕನ್ನಡದಲ್ಲಿಯೂ ಅವನು ಓದಬಲ್ಲ ಭಾಷೆಯಲ್ಲಿಯೂ ಬರೆದಂಟಿಸಬೇಕು. ವಾಹನವಿಲ್ಲದ ಮನೆಯವರು ವೆಚ್ಚದ ಪಾಲಿಗೆ ಆಕ್ಷೇಪಿಸುವುದು ಸಹಜ. ಬೆಂಕಿಯದನ್ನೂ ಕರೆಗುಂಡಿಯದನ್ನೂ ಎಲ್ಲರಿಗೂ, ಗೂಡುಗಳದನ್ನು ಅವುಗಳ ಒಡೆಯರಿಗೂ ಹಂಚಿದರೆ ಜಗಳಕ್ಕೆ ಎಡೆಯಿರದು.

ಕೊಳ್ಳುವಾಗ ಸಾಮಾನಿನ ದರ್ಜೆಯನ್ನು ಕೇಳಬಹುದು. ಯುರೋಪಿನ ಇ.ಎನ್. ೫೦೧೩೧ ಎಂಬ ಮಾನದಂಡವು ಅಲಾರಂಗಳನ್ನು, ಎದುರಾಗಬಹುದಾದ ಕಳ್ಳನ ತಿಳಿವಳಿಕೆ ಸಲಕರಣೆಗಳಿಗನುಸಾರವಾಗಿ, ೧ರಿಂದ ೪ರವರೆಗೆ ವಿಂಗಡಿಸಿದೆ. ವಾಸದ ಮನೆಗೆ ಸಾಮಾನ್ಯವಾಗಿ ಎರಡನೆಯದು ಸಾಕು. ಷಟರನ್ನು ದೂರದಿಂದ ತೆರೆಯುವ ರಿಮೋಟು ಪ್ರತಿ ಸಲವೂ ಸಂಕೇತವನ್ನು ಬದಲಿಸುವಂಥದೇ ಎಂದು ವಿಚಾರಿಸಲು ಮರೆಯಬಾರದು. ಬದಲಿಸದ ಸಂಕೇತವನ್ನು ನಕಲುಮಾಡುವುದು ಸುಲಭ.

ಜೋಡಿಸಿದ ಮೇಲೆ ತಿಂಗಳಿಗೊಮ್ಮೆ, ಹಗಲಿನಲ್ಲಿ, ನೆರೆಯವರಿಗೆ ಮುಂಚಿತವಾಗಿ ತಿಳಿಸಿ ಪರೀಕ್ಷಿಸತಕ್ಕದ್ದು. ಒಬ್ಬರು ಷಟರೆತ್ತಬೇಕು, ಇನ್ನೊಬ್ಬರು ಮನೆಯ ತೀರ ಒಳಗಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಫ್ಯಾನು ಹಚ್ಚಿ ಕೇಳಬೇಕು. ಬಳಿಕ ಮನೆಯ ವಿದ್ಯುತ್ತನ್ನು ನಿಲ್ಲಿಸಿ ಮತ್ತೊಮ್ಮೆ. ಮಸೂರವನ್ನು ಒಣಬಟ್ಟೆಯಿಂದ ಒರಸಿ ಜೇಡರಬಲೆಯನ್ನು ತೆಗೆಯಬೇಕು. ಬಾಡಿಗೆಯವರೋ ಕೆಲಸದವರೋ ಬದಲಾದ ದಿನವೇ ಸಂಕೇತಾಂಕವನ್ನೂ ಬದಲಿಸಬೇಕು. ಮುಚ್ಚಿದ ಸೀಸದ ಬ್ಯಾಟರಿಯು ನಮ್ಮ ಸೆಕೆಯಲ್ಲಿ ಮೂರು ವರ್ಷಗಳಿಗಿಂತ ಹೆಚ್ಚು ನಂಬತಕ್ಕುದಲ್ಲವಾದುದರಿಂದ, ಹಾಕಿದ ತಾರೀಕನ್ನು ಅದರ ಬೆನ್ನಿನ ಮೇಲೆಯೇ ಮಾಸದ ಮಸಿಯಿಂದ ಬರೆದಿಡಿರಿ.