ಕೈಯಲ್ಲಿ ಕಸುಬು, ಗಲ್ಲಾದಲ್ಲಿ ಲೆಕ್ಕ



ನಿಮ್ಮಲ್ಲಿ ಅನೇಕರು ಇಂಜಿನಿಯರಿಂಗ್ ಅಥವಾ ಡಿಪ್ಲೊಮಾ ಮುಗಿಸಿ ನಾಲ್ಕಾರು ವರ್ಷ ನೌಕರಿ ಮಾಡಿದವರು. ಕೆಲಸ ಕೈಗೆ ಹತ್ತಿದೆ. "ಇನ್ನೊಬ್ಬರ ಕೈಕೆಳಗೆ ಎಷ್ಟು ದಿನ? ನನ್ನದೇ ಒಂದು ಸಣ್ಣ ಕಂಪನಿ ಏಕಾಗಬಾರದು?" ಎಂಬ ಯೋಚನೆ ಬಂದಿದ್ದರೂ ಬಂದಿರಬಹುದು. ಬರಲಿ, ಒಳ್ಳೆಯ ಯೋಚನೆಯೇ. ಆದರೆ ಒಂದು ಮಾತು ಮೊದಲೇ ತಿಳಿದಿರಲಿ. ಕೆಲಸ ಬಲ್ಲವನನ್ನು ಕೆಲಸ ಹುಡುಕಿಕೊಂಡು ಬರುತ್ತದೆ, ನಿಜ. ಅಷ್ಟರಿಂದಲೇ ಕಂಪನಿ ನಡೆಯುವುದಿಲ್ಲ. ಮಾಡಿದ ಕೆಲಸಕ್ಕೆ ಎಷ್ಟು ಬೆಲೆ ಹೇಳಬೇಕು, ಆ ಹಣ ಯಾವಾಗ ಕೈಗೆ ಬರುತ್ತದೆ ಎಂಬ ಎರಡು ಸಂಗತಿಗಳನ್ನು ಯಾವ ಲೇಥ್ ಯಂತ್ರವೂ, ಯಾವ ಕಂಪ್ಯೂಟರೂ ತಾನಾಗಿ ಕಲಿಸಿಕೊಡುವುದಿಲ್ಲ.

ಜೇಮ್ಸ್ ವಾಟ್‌ನ ಹೆಸರನ್ನು ನೀವು ಶಾಲೆಯಲ್ಲಿ ಓದಿದ್ದೀರಿ. ಉಗಿಯಂತ್ರದಲ್ಲಿ ಕಲ್ಲಿದ್ದಲು ಉಳಿಸುವ ಉಪಾಯ ಅವನಿಗೆ ಹೊಳೆದದ್ದು 1765ರಲ್ಲಿ, ಪೇಟೆಂಟ್ ಸಿಕ್ಕಿದ್ದು 1769ರಲ್ಲಿ. ಆದರೆ ಗಿರಾಕಿಗಳ ಸ್ಥಳದಲ್ಲಿ ಅವನ ಯಂತ್ರಗಳು ನಡೆಯತೊಡಗಿದ್ದು 1776ರಲ್ಲಿ. ನಡುವಿನ ವರ್ಷಗಳಲ್ಲಿ ಸಿಲಿಂಡರನ್ನು ನಿಖರವಾಗಿ ಕೊರೆದು ಕೊಡುವವರು ಸಿಗದೆ ಒದ್ದಾಡಿದ. ಹಣ ಹಾಕಿದ್ದ ಪಾಲುದಾರ ದಿವಾಳಿಯಾದ. ಸಂಸಾರ ಸಾಗಿಸಲು ವಾಟ್ ಕಾಲುವೆಗಳ ಸರ್ವೆ ಮಾಡುತ್ತ ತಿರುಗಿದ. ಚೌಕಾಸಿ ಮಾಡುವುದೆಂದರೆ, ಲೆಕ್ಕ ಚುಕ್ತಾ ಮಾಡುವುದೆಂದರೆ ಅವನಿಗೆ ತೋಪಿನ ಬಾಯಿಗೆ ನಿಂತಷ್ಟು ಸಂಕಟ.

ಅವನ ದೆಸೆ ತಿರುಗಿದ್ದು 1775ರಲ್ಲಿ, ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೋಲ್ಟನ್ ಪಾಲುದಾರನಾದ ಮೇಲೆ. ಬೋಲ್ಟನ್ ಹುಟ್ಟಾ ವ್ಯಾಪಾರಿ. ಅವರ ಕಂಪನಿ ಬೆಲೆ ಕಟ್ಟಿದ ರೀತಿ ನೋಡಿ. ಹಳೆಯ ಯಂತ್ರಕ್ಕೆ ಹೋಲಿಸಿದರೆ ಹೊಸದರಿಂದ ಗಿರಾಕಿಗೆ ಎಷ್ಟು ಕಲ್ಲಿದ್ದಲು ಉಳಿಯಿತೋ, ಆ ಉಳಿತಾಯದ ಮೂರನೆಯ ಒಂದು ಭಾಗವನ್ನು ವರ್ಷವರ್ಷವೂ ಕೊಡಬೇಕು. ಕಲ್ಲಿದ್ದಲು ತುಟ್ಟಿಯಾಗಿದ್ದ ಕಾರ್ನ್‌ವಾಲ್‌ನ ಗಣಿಗಳವರು ಮೊದಮೊದಲು ಸಂತೋಷದಿಂದಲೇ ಒಪ್ಪಿದರು. ಯಂತ್ರದ ಬೆಲೆ ಕಬ್ಬಿಣದ ತೂಕದಲ್ಲಿಲ್ಲ, ಗಿರಾಕಿಗಾಗುವ ಉಪಯೋಗದಲ್ಲಿದೆ ಎಂಬುದೇ ಇದರ ಮರ್ಮ. ನೀವು ಕೊಟೇಶನ್ ಬರೆಯುವಾಗಲೂ ಮಾಲು, ಮಜೂರಿ, ಬಾಡಿಗೆ, ಯಂತ್ರದ ಸವಕಳಿ ಎಲ್ಲ ಕೂಡಿಸಿರಿ. ನಿಮ್ಮ ಸ್ವಂತ ಸಂಬಳವನ್ನೂ ಸೇರಿಸಿರಿ. ಅದು ನಿಮ್ಮ ಖರ್ಚು ಮಾತ್ರ. ಬೆಲೆ ಹೇಳುವ ಮುಂಚೆ, ಈ ಕೆಲಸದಿಂದ ಗಿರಾಕಿಗೆ ಏನು ಉಳಿಯುತ್ತದೆ ಎಂದೂ ಕೇಳಿಕೊಳ್ಳಿ.

ಎಲ್ಲರಿಗೂ ಒಬ್ಬ ಬೋಲ್ಟನ್ ಸಿಗುವುದಿಲ್ಲ, ಒಪ್ಪಿದೆ. ನಮ್ಮವರೇ ಆದ ಹಿರಿಯರು ಎರಡನ್ನೂ ಒಬ್ಬರೇ ಕಲಿತ ದಾರಿ ಇನ್ನೊಂದಿದೆ. ದಕ್ಷಿಣ ಕನ್ನಡದಿಂದ ಬರಿಗೈಯಲ್ಲಿ ಮುಂಬಯಿಗೆ ಬಂದ ಹುಡುಗರು ಹೋಟೆಲಿನಲ್ಲಿ ಮೊದಲು ಪಾತ್ರೆ ತೊಳೆದರು, ಮೇಜು ಒರೆಸಿದರು, ಬಡಿಸಿದರು, ಒಲೆಯ ಮುಂದೆ ನಿಂತರು. ಅನೇಕರು ರಾತ್ರಿ ಶಾಲೆಯಲ್ಲಿ ಓದಿದರು. ಎಷ್ಟೋ ವರ್ಷಗಳ ಮೇಲೆ ಗಲ್ಲಾದ ಮುಂದೆ ಕುಳಿತರು. ಅಷ್ಟು ಹೊತ್ತಿಗೆ ಒಂದು ಸೇರು ಅಕ್ಕಿಗೆ ಎಷ್ಟು ಇಡ್ಲಿ ಎಂಬುದೂ ಗೊತ್ತು, ಒಂದು ಇಡ್ಲಿಗೆ ಎಷ್ಟು ಕಾಸು ಉಳಿಯುತ್ತದೆ ಎಂಬುದೂ ಗೊತ್ತು. ಆದರೆ ಅವರ ವ್ಯಾಪಾರದಲ್ಲಿ ಒಂದು ಅನುಕೂಲವಿತ್ತು: ಗಿರಾಕಿ ತಿಂದು ಏಳುವಾಗಲೇ ದುಡ್ಡು ಗಲ್ಲಾಕ್ಕೆ ಬೀಳುತ್ತಿತ್ತು. ಭೋಸರಿಯಲ್ಲೋ, ಅಂಬತ್ತೂರಿನಲ್ಲೋ, ಬಾಲಾನಗರದಲ್ಲೋ ಶೆಡ್ ಹಿಡಿಯುವ ನಿಮಗೆ ಆ ಭಾಗ್ಯವಿಲ್ಲ. ನಿಮ್ಮದು ಉದ್ರಿ ವ್ಯಾಪಾರ.

ಒಂದು ಲೆಕ್ಕ ಹಾಕೋಣ. 2 ಲಕ್ಷ ರೂಪಾಯಿಯ ಆರ್ಡರು ಬಂತೆನ್ನಿ. ಜಿಎಸ್‌ಟಿ ಶೇಕಡಾ 18 ಸೇರಿ ನಿಮ್ಮ ಬಿಲ್ಲು 2,36,000. ಮಾಲಿಗೆ ತೆರಿಗೆ ಸೇರಿ 1,18,000 ಕೊಟ್ಟಿರಿ. ಸಂಬಳ, ಬಾಡಿಗೆ, ಕರೆಂಟು 70,000. ಮಾಲಿನ ಮೇಲೆ ಕೊಟ್ಟ ತೆರಿಗೆ 18,000 ಕಳೆದು, ಸರಕಾರಕ್ಕೆ ನೀವು ಕಟ್ಟಬೇಕಾದದ್ದು ಇನ್ನೂ 18,000. ತಿಂಗಳು ತಿಂಗಳು ರಿಟರ್ನ್ ಸಲ್ಲಿಸುವವರು ಅದನ್ನು ಮರುತಿಂಗಳ 20ನೇ ತಾರೀಖಿನೊಳಗೆ ಕಟ್ಟಬೇಕು. ಗಿರಾಕಿ ಹಣ ಕೊಟ್ಟನೋ ಇಲ್ಲವೋ ಎಂದು ಸರಕಾರ ಕೇಳುವುದಿಲ್ಲ. ಒಟ್ಟು ನಿಮ್ಮ ಕೈಯಿಂದ ಹೋದದ್ದು 2,06,000. ಕಾಗದದ ಮೇಲೆ 30,000 ಲಾಭ, ಬ್ಯಾಂಕಿನಲ್ಲಿ ಸೊನ್ನೆ. ಇಂಥ ಮೂರು ಆರ್ಡರು ಒಟ್ಟಿಗೆ ಬಂದರೆ ಊರೆಲ್ಲ ನಿಮ್ಮನ್ನು ಹೊಗಳುತ್ತದೆ, ನೀವು ಮಾತ್ರ ಸಾಲಕ್ಕೆ ಓಡಾಡುತ್ತೀರಿ. ಕೈಯೇನೋ ಕೆಸರಾಗಿದೆ, ಮೊಸರು ಇನ್ನೂ ಗಿರಾಕಿಯ ಮನೆಯಲ್ಲೇ ಇದೆ!

ಇದು ಬರೀ ಪುಸ್ತಕದ ಮಾತಲ್ಲ. ನಮ್ಮ ಯಜಮಾನರದು ಐದು ಜನ ಕೆಲಸಗಾರರ ಚಿಕ್ಕ ವರ್ಕ್‌ಶಾಪು. ಅದರ ಜಮಾ-ಖರ್ಚು ಬರೆಯುವುದು ನನ್ನ ಪಾಲಿನ ಕೆಲಸ. ಒಂದು ವರ್ಷ ಮುಕ್ಕಾಲು ಪಾಲು ಆರ್ಡರು ಒಂದೇ ದೊಡ್ಡ ಕಂಪನಿಯದಾಗಿತ್ತು. ಕಳಿಸಿದ ಮಾಲಿನಲ್ಲಿ ಒಂದು ಬಿಡಿಭಾಗವೂ ವಾಪಸು ಬರಲಿಲ್ಲ; ಹಣ ಬರಲು ಮಾತ್ರ ಏಳು ತಿಂಗಳು ಹಿಡಿಯಿತು. ದೀಪಾವಳಿಗೆ ಕೆಲಸಗಾರರ ಬೋನಸ್ ತಪ್ಪಬಾರದೆಂದು ನನ್ನ ಬಳೆಗಳು ಬ್ಯಾಂಕಿಗೆ ಹೋದವು. ಸಣ್ಣ ಕಂಪನಿಯ ಬಾಕಿ ಆಫೀಸಿನಲ್ಲಿ ಕುಳಿತಿರುವುದಿಲ್ಲ ಮಕ್ಕಳೇ, ನೇರ ಅಡುಗೆಮನೆಗೆ ಬರುತ್ತದೆ. ಅಂದಿನಿಂದ ಯಾವ ಗಿರಾಕಿಯಿಂದಲೂ ಒಟ್ಟು ಕೆಲಸದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಹಿಡಿಯುವುದಿಲ್ಲ ಎಂಬುದು ನಮ್ಮಲ್ಲಿ ನಿಯಮ.

ನಮ್ಮವರಿಗೆ ದಾಕ್ಷಿಣ್ಯ ಹೆಚ್ಚು. ಮಾಡಿದ ಕೆಲಸದ ದುಡ್ಡು ಕೇಳುವುದಕ್ಕೂ ನಾಚಿಕೆ. ಆದರೆ ಕಾನೂನೇ ನಿಮ್ಮ ಪರವಾಗಿದೆ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ 2006ರ ಕಾಯ್ದೆಯಂತೆ, ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಮಾಲು ಕೊಂಡವರು ಲಿಖಿತ ಕರಾರು ಇದ್ದರೂ 45 ದಿನಗಳನ್ನು ಮೀರುವಂತಿಲ್ಲ. ಕರಾರು ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ. ಇದಕ್ಕೆ ಉದ್ಯಮ್ ನೋಂದಣಿ ಮಾಡಿಸಿಡಿ; 2020ರಲ್ಲಿ ಆರಂಭವಾದ ಈ ನೋಂದಣಿಗೆ ಶುಲ್ಕವಿಲ್ಲ. ಎಲ್ಲರ ಮೇಲೂ ದೂರು ಕೊಡಬೇಕೆಂದಲ್ಲ. ಬಿಲ್ಲಿನ ಮೇಲೆ ಹಣ ಸಲ್ಲಬೇಕಾದ ತಾರೀಖು ಬರೆದು, ಆ ದಿನ ಸೌಜನ್ಯದಿಂದ ಒಂದು ಫೋನ್ ಮಾಡಿದರೆ ಎಷ್ಟೋ ಸಲ ಅಷ್ಟೇ ಸಾಕು.

ಹಾಗೆಂದು ದಿನವೆಲ್ಲ ಲೆಕ್ಕದ ಪುಸ್ತಕ ಹಿಡಿದು ಕೂರಬೇಡಿ. ಒಳ್ಳೆಯ ಹೋಟೆಲಿನ ಯಜಮಾನ ಗಲ್ಲಾದ ಮೇಲಿದ್ದರೂ ಬೆಳಿಗ್ಗೆ ಒಮ್ಮೆ ಒಳಗೆ ಹೋಗಿ ಸಾಂಬಾರಿನ ರುಚಿ ನೋಡದೆ ಇರುವುದಿಲ್ಲ. ಗಿರಾಕಿ ಬಂದದ್ದು ನಿಮ್ಮ ಕೈಗುಣಕ್ಕೆ. ಅದು ಕೆಟ್ಟರೆ ಯಾವ ಲೆಕ್ಕವೂ ಉಳಿಸದು. ಜಿಎಸ್‌ಟಿ ರಿಟರ್ನು, ಆಡಿಟ್ಟು ಇವಕ್ಕೆ ಲೆಕ್ಕಪತ್ರ ಬಲ್ಲವರನ್ನು ಇಟ್ಟುಕೊಳ್ಳಿ, ಆದರೆ ಅವರು ತಂದ ಕಾಗದ ಓದಿ ಅರ್ಥ ಮಾಡಿಕೊಳ್ಳುವಷ್ಟು ನೀವೂ ಕಲಿಯಿರಿ. ವಾರಕ್ಕೊಂದು ದಿನ, ಶನಿವಾರವೇ ಇರಲಿ, ಎರಡು ಗಂಟೆ ಯಂತ್ರದ ಹತ್ತಿರ ಹೋಗದೆ ಮೂರೇ ಸಾಲು ಬರೆಯಿರಿ: ನಮಗೆ ಬರಬೇಕಾದದ್ದು ಎಷ್ಟು, ನಾವು ಕೊಡಬೇಕಾದದ್ದು ಎಷ್ಟು, ಇವತ್ತು ಕೈಯಲ್ಲಿರುವುದು ಎಷ್ಟು. ಬರೆದದ್ದನ್ನು ಮನೆಯಲ್ಲಿ ಅಮ್ಮನಿಗೋ, ಹೆಂಡತಿಗೋ, ಗಂಡನಿಗೋ ತೋರಿಸಿ. ತಿಂಗಳ ಸಂಬಳದಲ್ಲಿ ಸಂಸಾರ ತೂಗಿಸಿದವರ ಕಣ್ಣಿಗೆ ಆ ಮೂರು ಸಾಲಿನಲ್ಲಿ ನಿಮಗೆ ಕಾಣದ್ದು ಕಂಡೀತು. ಅವರ ಪ್ರಶ್ನೆಗೆ ಸಿಟ್ಟಾಗದೆ ಉತ್ತರ ಕೊಡಲು ಬಂದರೆ, ನೀವು ಶೆಡ್ಡಿನ ಬಾಡಿಗೆ ಕರಾರಿಗೆ ಸಹಿ ಹಾಕಬಹುದು.